ಮನೆಯ ಮಾತು

ಅಕ್ಟೋಬರಿನ ಮಂಜು ಇನ್ನೂ ಸೊಪ್ಪಿನ ಮೇಲೆ ಬೆಳ್ಳಗೆ ಕೂತಿರುವಾಗಲೇ ಸಕ್ಕರೆ ತೆಗೆಯುವ ಬಿಳಿ ಬೀಟ್ ಗಡ್ಡೆಯ ಕೆಲಸ ಶುರುವಾಗಿತ್ತು. ಟ್ರ್ಯಾಕ್ಟರು ಸಾಲಿನುದ್ದಕ್ಕೂ ನೆಲ ಸಡಿಲಿಸುತ್ತ ಹೋಗುತ್ತಿತ್ತು. ಹಿಂದಿನಿಂದ ಹೆಂಗಸರು ಬಗ್ಗಿ ಗಡ್ಡೆಗಳನ್ನು ಎಳೆದು ಗುಡ್ಡೆ ಹಾಕುತ್ತಿದ್ದರು. ಗಂಡಸರು ಮಗುಚಿದ ಬಕೆಟ್ಟುಗಳ ಮೇಲೆ ಕುಳಿತು, ಗಡ್ಡೆಯ ತಲೆಯನ್ನು ಸೊಪ್ಪಿನ ಸಮೇತ ಒಂದೇ ಏಟಿಗೆ ಸವರಿ, ಕತ್ತಿಯ ಬೆನ್ನಿನಿಂದ ಮಣ್ಣು ಕೆರೆದು ರಾಶಿಗೆ ಎಸೆಯುತ್ತಿದ್ದರು. ಮಧ್ಯಾಹ್ನಕ್ಕೆ ಸಾಮೂಹಿಕ ಹೊಲದ ಲಾರಿ ಬರುವುದಿತ್ತು. ಕಿರ್ಗಿಜ್ ನಾಡಿನ ತಲಾಸ್ ಬಯಲಿನ ಆಚೆಯ ಬೆಟ್ಟಗಳಲ್ಲಿ ಹಿಮ ನಿನ್ನೆಗಿಂತ ಗೇಣು ಕೆಳಗಿಳಿದಂತೆ ಕಾಣುತ್ತಿತ್ತು.

ಕೊರ್ನೇಲಿಯುಸ್ ಎಪ್ ಕೂತಲ್ಲಿಂದ, ಮುಂದಿನ ರಾಶಿಯ ಬಳಿ ಡೀಟ್ರಿಕ್ ಫ್ರೋಸೆಯ ಬೆನ್ನು ಕಾಣುತ್ತಿತ್ತು. ಅಗಲವಾದ, ತುಸು ಬಾಗಿದ ಬೆನ್ನು. ಅದನ್ನು ನೋಡಬಾರದೆಂದು ಕೊರ್ನೇಲಿಯುಸ್ ಬಕೆಟ್ಟನ್ನು ಆಗಲೇ ಒಂದೆರಡು ಸಲ ತಿರುಗಿಸಿಕೊಂಡು ಕೂತಿದ್ದ. ರಾಶಿ ಕರಗುತ್ತ ಹೋದಂತೆ ಮತ್ತೆ ಅದೇ ಬೆನ್ನು ಎದುರಾಗುತ್ತಿತ್ತು.

ನೀರುಗಂಟಿ ಶಾರ್ಶೆನ್ ಕುದುರೆಯ ಮೇಲೆ ಬಂದು ಬದುವಿನಲ್ಲಿ ನಿಂತ. ಅವನು ಕಿರ್ಗಿಜ್ ಜನದವನು. ಅಜ್ಜಂದಿರ ಕಾಲದಲ್ಲಿ ಬಂದು ನೆಲೆಸಿದ ಜರ್ಮನರ ಈ ಹಳ್ಳಿಯಲ್ಲಿ ಯಾರ ಹಿತ್ತಿಲಿಗೆ ಎಂದು, ಎಷ್ಟು ಹೊತ್ತು ಕಾಲುವೆಯ ನೀರು ಎಂಬುದನ್ನು ನೋಡಿಕೊಳ್ಳುತ್ತ ತಲೆ ನೆರೆಸಿಕೊಂಡವನು. ಅವರ ಮನೆಯ ಮಾತನ್ನು ಅವರಷ್ಟೇ ಸಲೀಸಾಗಿ ಆಡುತ್ತಿದ್ದ.

"ಏನ್ ಮುಲ್ಲಾ, ನಾಳೆ ನಿಮ್ಮ ದೊಡ್ಡ ಊಟವಂತೆ?" ಎಂದ ಕೊರ್ನೇಲಿಯುಸ್‌ನನ್ನು ನೋಡಿ. ಸಭೆಯಲ್ಲಿ ಚೆನ್ನಾಗಿ ಪ್ರಾರ್ಥಿಸುವವನೆಂದು ಅವನನ್ನು ಹಾಗೆ ಕರೆಯುತ್ತಿದ್ದ. "ಒಂದ್ ಚೂರು ರೊಟ್ಟಿ, ಒಂದ್ ಗುಟುಕು ದ್ರಾಕ್ಷಾರಸ. ಅಷ್ಟಕ್ಕೆ ಇಷ್ಟೊಂದು ಸಡಗರ ಮಾಡೋರನ್ನ ನಿಮ್ಮನ್ನೇ ಕಂಡಿದ್ದು. ನಮ್ಮಲ್ಲಾಗಿದ್ರೆ ಕುರಿ ಬೀಳ್ತಿತ್ತು."

ಸುತ್ತಲಿದ್ದವರು ನಕ್ಕರು. ಶಾರ್ಶೆನ್ ಚಾಟಿಯ ತುದಿಯಿಂದ ಡೀಟ್ರಿಕ್‌ನ ಬೆನ್ನು ತೋರಿಸಿದ. "ಇವನಿಗೆ ಈ ಸಲಾನೂ ಇಲ್ವಾ?"

ನಗು ನಿಂತಿತು. ಡೀಟ್ರಿಕ್ ತಿರುಗಿಯೂ ನೋಡದೆ ಗಡ್ಡೆ ಸವರಿದ.

"ನಂಗಂತೂ ಅರ್ಥವಾಗಿಲ್ಲಪ್ಪ. ಅವನು ಕಾಲುವೆಗೆ ಇಳಿದ್ರೆ ಒಂದು ಹನಿ ಪಕ್ಕಕ್ಕೆ ಹೋಗಲ್ಲ. ಇರ್ಲಿ, ನಿಮ್ಮ ದೇವರ ವ್ಯವಹಾರ ನಿಮಗೆ," ಎಂದು ಶಾರ್ಶೆನ್ ಕುದುರೆ ತಿರುಗಿಸಿಕೊಂಡು ಹೋದ. ಕೊರ್ನೇಲಿಯುಸ್‌ನ ಕತ್ತಿ ಗಡ್ಡೆಯ ತಲೆ ಬಿಟ್ಟು ಅರ್ಧಕ್ಕೇ ಇಳಿಯಿತು. ಬಿಳಿ ತಿರುಳು ಎರಡು ಹೋಳಾಗಿ ಮಣ್ಣಿಗೆ ಬಿತ್ತು.

ಅದು ನಡೆದದ್ದು ಆಗಸ್ಟಿನಲ್ಲಿ, ನೀರಿಗೆ ಎಲ್ಲರೂ ಬಾಯಿಬಿಡುವ ದಿನಗಳಲ್ಲಿ. ಬೆಳಗಿನ ಸರದಿ ಕೊರ್ನೇಲಿಯುಸ್‌ನದು, ಮಧ್ಯಾಹ್ನದ ಸರದಿ ಡೀಟ್ರಿಕ್‌ನದು. ತನ್ನ ಹಿತ್ತಿಲಿಗೆ ನೀರು ಹಾಯಿಸಿ ಮುಗಿಸಿದವನು ಕವಲಿನ ತೂಬಿಗೆ ಹಲಗೆ ಇಳಿಸಿ ಹೋಗಬೇಕು. ಇಲ್ಲದಿದ್ದರೆ ನೀರು ಪಕ್ಕದ ಇಳಿಜಾರಿಗೆ ನುಗ್ಗುತ್ತದೆ. ಆ ಇಳಿಜಾರಿನ ಬುಡದಲ್ಲಿ ವಿಧವೆ ಜುಸ್ತೀನಾಳ ಖಾಲಿ ನಿವೇಶನ. ಗಂಡ ಸತ್ತ ಮೇಲೆ ಮೈದುನನ ಹಿತ್ತಿಲಿನಲ್ಲಿ ಬೇಸಿಗೆಗಷ್ಟೇ ಬಳಸುವ ಅಡುಗೆಮನೆಯಲ್ಲಿ ಮಗಳೊಂದಿಗೆ ಇದ್ದವಳು, ಚಳಿಗಾಲದೊಳಗೆ ಸ್ವಂತದ್ದೊಂದು ಕೋಣೆಯಾದರೂ ಎದ್ದು ನಿಲ್ಲಲಿ ಎಂದು ಬೇಸಿಗೆಯೆಲ್ಲ ಮಣ್ಣಿಗೆ ಹುಲ್ಲು ಹಾಕಿ ತುಳಿದು, ಅಚ್ಚಿನಲ್ಲಿ ಹಸಿ ಇಟ್ಟಿಗೆ ತೆಗೆದು, ಬಿಸಿಲಿಗೆ ಒಣಗಿಸಿ ಒಟ್ಟಿದ್ದಳು. ಆ ಮಧ್ಯಾಹ್ನ ನೀರು ಅವುಗಳ ಬುಡಕ್ಕೆ ನಿಂತಿತು. ಒಟ್ಟಿಲು ಕುಸಿದು, ಇಟ್ಟಿಗೆಯೆಲ್ಲ ಮತ್ತೆ ಮಣ್ಣಾಯಿತು.

ಕೂಗಾಟ ಕೇಳಿ ಓಡಿ ಬಂದವರು ಕಂಡದ್ದು, ಮೊಣಕಾಲಿನವರೆಗೆ ನೆನೆದು ತೂಬಿನ ಹಲಗೆ ಕೈಯಲ್ಲಿ ಹಿಡಿದು ನಿಂತಿದ್ದ ಡೀಟ್ರಿಕ್‌ನನ್ನು. ಅವನು ಹಲಗೆ ಹಾಕಲು ಹೊರಟಿದ್ದನೋ, ತೆಗೆದಿದ್ದನೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಬೇಗ ಬರುತ್ತಿರಲಿಲ್ಲ. ಡೀಟ್ರಿಕ್‌ಗೆ ಮಾತು ತಡವರಿಸುತ್ತಿತ್ತು. ಮನೆಯ ಮಾತಿನಲ್ಲಾದರೆ ನಿಂತು ನಿಂತು ಹೇಗೋ ದಾಟುತ್ತಿದ್ದ. ಸಭೆಯ ಮಾತಿನಲ್ಲಿ ಅದೂ ಆಗುತ್ತಿರಲಿಲ್ಲ.

ಹಟ್ಟಿಯಲ್ಲಿ, ಹೊಲದಲ್ಲಿ, ಜಗಳದಲ್ಲಿ ಅವರು ಆಡುವುದು ಅಜ್ಜಂದಿರ ಒರಟು ತಗ್ಗುನಾಡಿನ ಜರ್ಮನ್, ಅದೇ ಮನೆಯ ಮಾತು. ಪ್ರಾರ್ಥನಾಮಂದಿರದ ಹೊಸಿಲು ದಾಟಿದರೆ ಬೈಬಲಿನ ಗಂಭೀರ ಜರ್ಮನ್. ದೇವರ ಎದುರು ಮನೆಯ ಮಾತು ಆಡಿದವರನ್ನು ಹಳ್ಳಿಯಲ್ಲಿ ಯಾರೂ ಕಂಡಿರಲಿಲ್ಲ. ಸಭೆಯಲ್ಲಿ ಒಬ್ಬೊಬ್ಬರಾಗಿ ಎದ್ದು ಗಟ್ಟಿಯಾಗಿ ಪ್ರಾರ್ಥಿಸುವುದು ವಾಡಿಕೆ. ಪ್ರಾರ್ಥನೆ ಬಾರದವನ ಒಳಗೆ ಏನೋ ಅಡ್ಡ ನಿಂತಿರಬೇಕು ಎಂಬುದು ಅವರ ನಂಬಿಕೆ. ಡೀಟ್ರಿಕ್ ಎದ್ದವನೇ ಅಲ್ಲ. ಕೊರ್ನೇಲಿಯುಸ್ ಎದ್ದು ನಿಂತರೆ ಮಾತ್ರ ಎದೆಹಾಲು ಕುಡಿಯುವ ಮಕ್ಕಳೂ ಸುಮ್ಮನಾಗುತ್ತಿದ್ದವು.

ಸಹೋದರರ ಕೂಟದಲ್ಲಿ ಸಭಾಹಿರಿಯರಾದ ಐಸಾಕ್ ಟೋವ್ಸ್ ಡೀಟ್ರಿಕ್‌ನನ್ನು ವಿಚಾರಿಸಿದರು. ಅವನು ಬೆವರುತ್ತ, "ನಾನಲ್ಲ" ಎಂಬುದನ್ನು ಹೇಗೋ ಹೇಳಿದ. ಹಾಗಾದರೆ ಮತ್ಯಾರು ಎಂದು ಕೇಳಿದಾಗ ಕೊರ್ನೇಲಿಯುಸ್‌ನ ಮುಖ ನೋಡಿ ಸುಮ್ಮನಾದ. ಹಿರಿಯರು ಕೊರ್ನೇಲಿಯುಸ್‌ನ ಕಡೆ ತಿರುಗಿದರು. ಹಲಗೆ ಇಳಿಸಿ ಬಂದ ನೆನಪು ತನಗೆ ಎಂದು ಕೊರ್ನೇಲಿಯುಸ್ ಹೇಳಿದ. ಅಂಥ ನೆನಪು ಅವನಿಗಿರಲಿಲ್ಲ. ಅವನಿಗೆ ನೆನಪಿದ್ದದ್ದು, ಭಾನುವಾರದ ಪ್ರಾರ್ಥನೆಯ ವಾಕ್ಯಗಳನ್ನು ತಲೆಯಲ್ಲಿ ಹೊಸೆಯುತ್ತ ಗುದ್ದಲಿ ಹೆಗಲಿಗಿಟ್ಟು ಮನೆಗೆ ನಡೆದದ್ದು. 'ಬತ್ತಿದ ನೆಲದ ಮೇಲೆ ನಿನ್ನ ಕೃಪೆಯು ಹರಿದು ಬರಲಿ' ಎಂಬ ಸಾಲು ಹೊಳೆದು ತಾನೇ ಸಂತೋಷಪಟ್ಟದ್ದು.

ತಪ್ಪು ಮಾಡಿದ್ದಕ್ಕಲ್ಲ, ಒಪ್ಪದ ಹಟಕ್ಕಾಗಿ ಡೀಟ್ರಿಕ್‌ನನ್ನು ಪ್ರಭುಭೋಜನದಿಂದ, ಸಭೆಯೆಲ್ಲ ಸೇರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಊಟದಿಂದ, ಹೊರಗಿಟ್ಟರು. ಅವನ ಹೃದಯ ಮೆತ್ತಗಾಗಲಿ ಎಂದು ಪ್ರಾರ್ಥಿಸಲು ಹಿರಿಯರು ಕೊರ್ನೇಲಿಯುಸ್‌ಗೇ ಹೇಳಿದರು. ಅವನು ಎದ್ದ. ಪ್ರಾರ್ಥಿಸಿದ. ಹೆಂಗಸರ ಕಡೆಯ ಬೆಂಚುಗಳಲ್ಲಿ ಕಣ್ಣೊರೆಸಿಕೊಂಡರು.

ಆ ಶನಿವಾರ ಸಂಜೆ ಬೀಟ್ ಹೊಲದಿಂದ ಕೊರ್ನೇಲಿಯುಸ್ ಮನೆಗೆ ಬಂದಾಗ ಹೆಂಡತಿ ಅಗಾತೆ ಒಲೆಯಿಂದ ಬನ್ನುಗಳನ್ನು ತೆಗೆಯುತ್ತಿದ್ದಳು. ಒಂದರ ತಲೆಯ ಮೇಲೊಂದು ಚಿಕ್ಕದು ಕೂರಿಸಿದ ಜೋಡಿ ಬನ್ನು. ಅವನು ಒಂದನ್ನು ಮುರಿದು, ತಿನ್ನದೆ ಕಿಟಕಿಯ ಬಳಿ ಇಟ್ಟ. ಹುರಿದ ಬಾರ್ಲಿಯ ಕಾಫಿ ಆರುತ್ತ ಕೂತಿತು.

"ಹೊತ್ತಾಯ್ತು, ಹೊರಡು," ಎಂದಳು ಅಗಾತೆ. "ಡೀಟ್ರಿಕ್‌ನ ಮನೆ ಬಿಟ್ಟು ಬರಬೇಡ. ಹೋದ ಸಲಾನೂ ಬಿಟ್ಟೆ. ಹೊರಗಿಟ್ಟೋರ ಮನೆಗೂ ಹೋಗ್ಬೇಕು, ಅದೇ ಪದ್ಧತಿ."

ಪ್ರಭುಭೋಜನದ ಹಿಂದಿನ ಸಂಜೆ ಮನೆಮನೆಗೆ ಹೋಗಿ, ಹೊಸಿಲಲ್ಲಿ ಟೋಪಿ ತೆಗೆದು, 'ನಮ್ಮ ನಡುವೆ ಏನಾದರೂ ನಿಂತಿದೆಯೋ?' ಎಂದು ಸಭೆಯ ಮಾತಿನಲ್ಲಿ ಕೇಳಬೇಕು. ಮನೆಯವರು 'ಏನೂ ನಿಂತಿಲ್ಲ' ಎನ್ನಬೇಕು. ಕೈ ಕುಲುಕಿ ಮುಂದಿನ ಮನೆ. ಆ ಸಂಜೆ ಬೀದಿಯ ತುಂಬ ಟೋಪಿ ಹಿಡಿದವರೇ. ಎದುರಾದರೆ ಬೀದಿಯಲ್ಲೇ ಕೇಳಿ, ಅಲ್ಲೇ ಮುಗಿಸಿ, ಆಮೇಲೆ ಬೀಟ್ ತೂಕದ ಮಾತಿಗೆ ಇಳಿಯುತ್ತಿದ್ದರು.

ಜುಸ್ತೀನಾ ಬೇಸಿಗೆ ಅಡುಗೆಮನೆಯ ತೆಳ್ಳನೆಯ ಗೋಡೆಗಳಿಗೆ ಒಳಗಿನಿಂದ ಕಂಬಳಿ ಹೊಡೆಯುತ್ತಿದ್ದಳು. ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು, "ನಮ್ಮ ನಡುವೆ ಏನೂ ನಿಂತಿಲ್ಲ, ಸಹೋದರರೇ," ಎಂದಳು. ಆಮೇಲೆ, ಆಗಸ್ಟಿನಲ್ಲಿ ಅವನು ಮಾಡಿದ ಪ್ರಾರ್ಥನೆಯಿಂದ ತನಗೆಷ್ಟು ಸಮಾಧಾನವಾಯಿತು ಎಂದೂ ಹೇಳಿದಳು. ಕೊರ್ನೇಲಿಯುಸ್‌ಗೆ ಕೈ ಹಿಂದಕ್ಕೆ ಎಳೆದುಕೊಳ್ಳಲಾಗಲಿಲ್ಲ. ಅವಳ ಅಂಗೈಯ ಮೊಳೆಗಳು ಅವನ ಕೈಗೆ ಒತ್ತಿದವು.

ಡೀಟ್ರಿಕ್ ಅಂಗಳದ ಮೂಲೆಯಲ್ಲಿ ಕೋಸು ಹೆರೆಯುತ್ತಿದ್ದ. ಚಳಿಗಾಲಕ್ಕೆ ಉಪ್ಪು ಹಾಕಿಡುವ ಕೋಸು. ಪೀಪಾಯಿ ಅರ್ಧ ತುಂಬಿತ್ತು. ಒಳಗೆ ಅವನ ತಾಯಿ ಕೆಮ್ಮುವುದು ಕೇಳುತ್ತಿತ್ತು. ಕೊರ್ನೇಲಿಯುಸ್ ಟೋಪಿ ತೆಗೆದು ಕೇಳಬೇಕಾದ್ದನ್ನು ಕೇಳಿದ.

ಡೀಟ್ರಿಕ್ ಕೈ ಒರೆಸಿಕೊಂಡ. ಹೇಳಬೇಕಾದ್ದನ್ನು ಹೇಳಲಿಲ್ಲ. "ಕೂ... ಕೂತ್ಕೋ," ಎಂದು ಮನೆಯ ಮಾತಿನಲ್ಲಿ ಅಂದು ಪಕ್ಕದ ಸ್ಟೂಲು ತಳ್ಳಿದ.

ಕೊರ್ನೇಲಿಯುಸ್ ಕೂತ.

"ನಾಳೆ ಒಪ್ಕೋತೀನಿ," ಎಂದ ಡೀಟ್ರಿಕ್. "ನಾನೇ ನೀರು ಬಿ... ಬಿಟ್ಟೆ ಅಂತ."

"ಯಾಕೆ?"

"ಅಮ್ಮ. ಈ ಚಳಿಗಾಲ ದಾಟ್ತಾಳೋ ಇಲ್ವೋ. ಒಂದ್ಸಲ ಜೊತೇಲಿ ರೊಟ್ಟಿ ತಗೋಬೇಕಂತೆ." ಅವನು ಕೋಸಿನ ದಿಂಡನ್ನು ಬೇರೆ ತೆಗೆದಿಟ್ಟ. "ಆವತ್ತು ನಾನು ಬಂದಾಗ ತೂಬು ತೆ... ತೆರೆದೇ ಇತ್ತು. ನಿಂಗೆ ಮಾತು ಬರುತ್ತಲ್ಲ, ನೀನೇ ಹೇಳ್ತೀಯ ಅಂದ್ಕೊಂಡೆ. ಕಾದೆ." ಮತ್ತೊಂದು ಕೋಸನ್ನು ಹೆರೆಮಣೆಗೆ ಒತ್ತಿದ. "ಹೋಗ್ಲಿ ಬಿಡು. ಸಭೇಲಿ ಹೇಗೆ ಹೇಳ್ಬೇಕು ಅಂತ ನಂಗೆ ಹೇಳ್ಕೊಡು. ನಂಗದು ಜೋ... ಜೋಡಿಸೋಕೆ ಬರಲ್ಲ."

ಕೊರ್ನೇಲಿಯುಸ್‌ನ ಕಿವಿಗಳು ಬಿಸಿಯಾದವು. ಆಗ ಎದ್ದು ಹೋಗಬಹುದಿತ್ತು. ಆಗ ಹೇಳಬಹುದಿತ್ತು. ಹೇಳಲೆಂದೇ ಬಾಯಿ ತೆರೆದ. ಬಾಯಿಗೆ ಬಂದದ್ದು ಮಾತ್ರ ಅಭ್ಯಾಸವಾಗಿದ್ದ ಮಾತು. "ಪ್ರಿಯ ಸಭೆಯವರೇ, ನನ್ನ ಹೃದಯದ ಕಾಠಿಣ್ಯವನ್ನು ನಿಮ್ಮ ಮುಂದೆ ಅರಿಕೆ ಮಾಡುತ್ತೇನೆ," ಎಂದ ಮೆಲ್ಲಗೆ. ಡೀಟ್ರಿಕ್ ಕಣ್ಣು ಮುಚ್ಚಿಕೊಂಡು ಅದನ್ನು ಹೇಳಿದ. 'ಕಾಠಿಣ್ಯ' ಎಂಬಲ್ಲಿ ನಿಂತ. ಮತ್ತೆ ಹೇಳಿದ. ಕೊರ್ನೇಲಿಯುಸ್ ತಿದ್ದಿದ. ಎರಡನೆಯ ಸಾಲು ಹೇಳಿಕೊಟ್ಟ. ಆ ಸಾಲು ಚೆನ್ನಾಗಿಯೇ ಇತ್ತು. ಚೆನ್ನಾಗಿದೆ ಎಂದು ತನಗೆ ಅನಿಸಿದ್ದು ಅವನಿಗೂ ತಿಳಿಯಿತು. ಆದರೂ ಕಡೆಯ ವಾಕ್ಯದವರೆಗೆ ಹೇಳಿಕೊಟ್ಟೇ ಎದ್ದ.

ಬೀದಿಗೆ ಬಂದಾಗ ಟೋಪಿ ಕೈಯಲ್ಲೇ ಇತ್ತು. ಮನೆಯಲ್ಲಿ ಅಗಾತೆ, ಡೀಟ್ರಿಕ್ ಏನಂದ ಎಂದು ಕೇಳಿದಳು. ಏನೂ ನಿಂತಿಲ್ಲ ಅಂದ, ಎಂದು ಕೊರ್ನೇಲಿಯುಸ್ ಹೇಳಿದ.

ಭಾನುವಾರ ಪ್ರಾರ್ಥನಾಮಂದಿರದಲ್ಲಿ ಸುಗ್ಗಿಯ ಕೃತಜ್ಞತೆಗೆಂದು ಕಿಟಕಿಗಳ ಬಳಿ ಕುಂಬಳ, ಸೇಬು, ಗೋಧಿಯ ತೆನೆಗಳನ್ನು ಜೋಡಿಸಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆಯಡಿ ರೊಟ್ಟಿ. ಡೀಟ್ರಿಕ್ ಬಾಗಿಲ ಬಳಿಯ ಬೆಂಚಿನಲ್ಲಿ ಒಬ್ಬನೇ ಇದ್ದ. ರೊಟ್ಟಿ ಮುರಿಯುವ ಮುನ್ನ ಎದ್ದು ಹೋಗಬೇಕಾದವರು ಕೂರುವ ಬೆಂಚು ಅದು. ಹಾಡು ಮುಗಿದ ಮೇಲೆ, ಅರಿಕೆ ಮಾಡುವವರು ಯಾರಾದರೂ ಇದ್ದೀರಾ ಎಂದು ಹಿರಿಯರು ಕೇಳಿದರು. ಕೇಳಿ, ವಾಡಿಕೆಯಂತೆ ರೊಟ್ಟಿಯ ಕಡೆ ತಿರುಗುವುದರಲ್ಲಿದ್ದರು.

ಡೀಟ್ರಿಕ್ ಎದ್ದ. ಬೆಂಚು ಸದ್ದು ಮಾಡಿತು. ಎಲ್ಲರೂ ತಿರುಗಿದರು.

"ಪ್ರಿ... ಪ್ರಿಯ ಸಭೆಯವರೇ," ಎಂದ. "ನನ್ನ ಹೃದಯದ ಕಾ..." ಅಲ್ಲಿಗೆ ನಿಂತಿತು. ಮತ್ತೆ ಅದೇ ಅಕ್ಷರಕ್ಕೆ ಬಂದು ತಡೆಯಿತು. ಅವನ ತಾಯಿ ಹೆಂಗಸರ ಸಾಲಿನಲ್ಲಿ ಕರವಸ್ತ್ರವನ್ನು ತುಟಿಗೆ ಒತ್ತಿ, ಮಗನ ಬಾಯನ್ನೇ ನೋಡುತ್ತ ತನ್ನ ಬಾಯನ್ನೂ ಆಡಿಸುತ್ತಿದ್ದಳು.

ಕೊರ್ನೇಲಿಯುಸ್‌ಗೆ ತಾನು ಎದ್ದದ್ದು ತಿಳಿಯಲಿಲ್ಲ. ತನ್ನ ದನಿ ಕೇಳಿದಾಗಲೇ ತಿಳಿದದ್ದು.

"ಪ್ರಿಯ ಸಹೋದರ ಸಹೋದರಿಯರೇ, ಈ ಸಹೋದರನನ್ನು ಕುಳ್ಳಿರಿಸಿರಿ. ಈ ಅಪರಾಧವು ಅವನದಲ್ಲ. ವಿಧವೆಯ ಗೋಡೆಗಳನ್ನು ಕರಗಿಸಿದ ಆ ನೀರು ನನ್ನ ಕೈಗಳಿಂದಲೇ ಹರಿಯಿತು. ಅವನ ಮೇಲೆ ಹೊರಿಸಿದ ಭಾರವನ್ನು ಇಳಿಸಿ ನನ್ನ ಹೆಗಲ ಮೇಲೆ ಇಡಿರಿ. ಕಠಿಣ ಹೃದಯದವನು ನಾನೇ."

ಮಾತು ಸಲೀಸಾಗಿ ಬಂತು. ಎಲ್ಲಿ ತಗ್ಗಬೇಕೋ ಅಲ್ಲಿ ದನಿ ತಗ್ಗಿತು. ಅವನು ನಿಲ್ಲಿಸಿದಾಗ ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು ಬಂತು. ಯಾರೋ ಆಮೆನ್ ಎಂದರು. ಹಿರಿಯ ಟೋವ್ಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಎಂಥ ಪ್ರೀತಿ ಇದು, ಮತ್ತೊಬ್ಬನ ಭಾರವನ್ನು ತನ್ನದೆಂದು ಹೊರುವ ಪ್ರೀತಿ, ಇದರ ಮುಂದೆ ಯಾರ ಹೃದಯ ಕರಗದು ಎಂದು ಕೇಳಿದರು. ಡೀಟ್ರಿಕ್‌ನನ್ನು ಮುಂದೆ ಕರೆದು ಎರಡೂ ಕೈ ಹಿಡಿದರು. ಕರಗಿದ್ದೀಯಲ್ಲವೇ ಸಹೋದರ, ಎಂದರು. ಡೀಟ್ರಿಕ್ ಏನೋ ಹೇಳಲು ಹೋದ. ಅಷ್ಟನ್ನೇ ಒಪ್ಪಿಗೆಯೆಂದು ತಿಳಿದು ಅವನನ್ನು ಅಪ್ಪಿಕೊಂಡು, ಕೊರ್ನೇಲಿಯುಸ್‌ನ ಪಕ್ಕದಲ್ಲೇ ಜಾಗ ಮಾಡಿ ಕೂರಿಸಿದರು. ಹಿಂದಿನ ಸಾಲಿನಿಂದ ಒಂದು ಕೈ ಕೊರ್ನೇಲಿಯುಸ್‌ನ ಭುಜವನ್ನು ಮೆಲ್ಲನೆ ತಟ್ಟಿತು.

ಅವನು ಕೂತ. ಹೇಳಿಯಾಯಿತಲ್ಲ ಎಂದುಕೊಂಡ. ಕಿವಿಯಾರೆ ಕೇಳಿದ್ದಾರೆ, ನಂಬದಿದ್ದರೆ ತಾನೇನು ಮಾಡಲಿ? ಡೀಟ್ರಿಕ್ ಒಳಗೆ ಬಂದ. ಅವನ ತಾಯಿಯ ಮುಖ ನೋಡಿದರೆ ಸಾಕು. ಯಾರಿಗೂ ನಷ್ಟವಾಗಲಿಲ್ಲ. ಈ ಯೋಚನೆ ಬಿಸಿ ಹಾಲಿನಂತೆ ಹಿತವಾಗಿ ಒಳಗಿಳಿಯಿತು. ಪಕ್ಕದಲ್ಲಿ ಡೀಟ್ರಿಕ್‌ನ ಕೈಗಳು ಮೊಣಕಾಲ ಮೇಲಿದ್ದವು, ಉಗುರಿನ ಸಂದಿಯಲ್ಲಿ ಬೀಟ್ ಹೊಲದ ಮಣ್ಣು. ಡೀಟ್ರಿಕ್ ಅವನನ್ನು ನೋಡುತ್ತಿರಲಿಲ್ಲ.

ರೊಟ್ಟಿಯ ತಟ್ಟೆ ಸಾಲಿನಿಂದ ಸಾಲಿಗೆ ಬಂತು. ಹಿರಿಯರೇ ತಟ್ಟೆ ಹಿಡಿದಿದ್ದರು. ಕೊರ್ನೇಲಿಯುಸ್‌ನ ಮುಂದೆ ಬಂದಾಗ ತುಸು ಬಗ್ಗಿ ಮುಗುಳ್ನಕ್ಕರು.

ಅವನು ಕೈ ಎತ್ತಲಿಲ್ಲ.

"ಇದನ್ನ ಆಚೆ ತಗೊಂಡ್ಹೋಗಿ," ಎಂದ, ಮನೆಯ ಮಾತಿನಲ್ಲಿ.

ಹಿರಿಯರಿಗೆ ಅರ್ಥವಾಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ಸಭೆಯಲ್ಲಿ ಈ ಮಾತಿಗೆ ಯಾವ ದನಿ ಇರಬೇಕೆಂದು ಕೊರ್ನೇಲಿಯುಸ್‌ಗೆ ಗೊತ್ತಿರಲಿಲ್ಲ. ಹಸುವಿಗೆ ಹುಲ್ಲು ಹಾಕುವಾಗಿನ ದನಿಯೇ ಬಂತು.

"ಆವತ್ತು ಹಲಗೆ ಹಾಕ್ಲಿಲ್ಲ ನಾನು. ಮರೆತೆ. ಭಾನುವಾರದ ಪ್ರಾರ್ಥನೆ ತಲೇಲಿ ಜೋಡಿಸ್ಕೊಂಡು ಮನೆಗೆ ಹೋಗ್ತಾ ಇದ್ದೆ. ಡೀಟ್ರಿಕ್ ಆಮೇಲೆ ಬಂದು ಮುಚ್ಚೋಕೆ ಹೋಗಿದ್ದ. ನೀವು ಕೇಳ್ದಾಗ..." ಅವನ ಮಾತು ಅಲ್ಲಿಗೆ ತಡೆಯಿತು. "ಹಾಕಿದೀನಿ ಅಂದೆ. ಸುಳ್ಳು ಅದು. ಈಗ ಇವನು ಹೇಳೋಕೆ ಹೋದದ್ದು, ಅದೂ ನಂದೇ. ನಿನ್ನೆ ನಾನೇ ಕಲಿಸಿದ್ದು."

"ಕೊರ್ನೇಲಿಯುಸ್, ದೇವರ ಸನ್ನಿಧಿಯಲ್ಲಿ ಈ ಬಗೆಯ ಭಾಷೆ..." ಎಂದು ಹಿರಿಯರು ಶುರುಮಾಡಿದರು. ಮುಂದೆ ಹೋಗಲಿಲ್ಲ. ಅವನ ಮುಖವನ್ನು ನೋಡುತ್ತ ನಿಂತರು. ಆಮೇಲೆ ಅವರ ದನಿಯೂ ಬದಲಾಯಿತು. "ನಿಜಾನೇನೋ?"

"ಹೂಂ."

ಯಾರೂ ಅಳಲಿಲ್ಲ. ಆಮೆನ್ ಅನ್ನಲಿಲ್ಲ. ಅಗಾತೆ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ, ಮಡಿಲಲ್ಲಿ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ಹಿರಿಯರು ತಟ್ಟೆಯನ್ನು ಡೀಟ್ರಿಕ್‌ನ ಮುಂದೆ ಹಿಡಿದರು. ಡೀಟ್ರಿಕ್ ಕೊನೆಗೆ ಒಂದು ಚೂರು ತೆಗೆದುಕೊಂಡ. ಕೊರ್ನೇಲಿಯುಸ್ ಎದ್ದು, ಸಾಲಿನವರ ಮೊಣಕಾಲುಗಳನ್ನು ದಾಟಿ, ಬಾಗಿಲ ಬಳಿಯ ಬೆಂಚಿನ ಹತ್ತಿರವೂ ನಿಲ್ಲದೆ ಹೊರಗೆ ನಡೆದ.

ಮನೆಗೆ ಹೋಗುವ ಮನಸ್ಸಾಗಲಿಲ್ಲ. ಕಾಲುವೆಯ ದಂಡೆ ಹಿಡಿದು ಇಳಿಜಾರಿಗೆ ಬಂದ. ಆಗಸ್ಟಿನಿಂದ ಅವನು ಈ ದಾರಿಯಲ್ಲಿ ಕಾಲಿಟ್ಟಿರಲಿಲ್ಲ. ಅಂಗಡಿಗೆ ಹೋಗಬೇಕಾದರೂ ಮೇಲಿನ ಬೀದಿಯಿಂದ ಸುತ್ತುತ್ತಿದ್ದ. ಜುಸ್ತೀನಾಳ ನಿವೇಶನದಲ್ಲಿ ಬೋಳು ಮಣ್ಣಿನ ದಿಬ್ಬ ಕಾಣುತ್ತದೆ ಎಂದುಕೊಂಡಿದ್ದ. ದಿಬ್ಬ ಹಸುರಾಗಿತ್ತು. ಇಟ್ಟಿಗೆಗೆ ಬೆರೆಸಿದ್ದ ಹುಲ್ಲಿನಲ್ಲಿ ಉಳಿದಿದ್ದ ಗೋಧಿಕಾಳು ನೀರು ಕುಡಿದು ಮೊಳೆತು, ಗೇಣುದ್ದ ಎದ್ದಿತ್ತು. ತುದಿಗಳನ್ನು ಮಂಜು ಸುಟ್ಟಿತ್ತು. ಮೇಲೆ ಒಂದು ಬದಿಯಲ್ಲಿ ಗೂಟಕ್ಕೆ ಕಟ್ಟಿದ ಅವಳ ಆಡು ತನ್ನ ಸುತ್ತಲಿನದನ್ನೆಲ್ಲ ತಿಂದು ಮುಗಿಸಿ ಹಗ್ಗ ಜಗ್ಗುತ್ತಿತ್ತು.

ಸಭೆ ಮುಗಿದು ಜನ ಬೀದಿಯಲ್ಲಿ ಚದುರುವ ಸದ್ದು ಬಂತು. ಬಹಳ ಹೊತ್ತಾದ ಮೇಲೆ ಜುಸ್ತೀನಾ ಬಂದಳು, ಹಬ್ಬದ ಕಪ್ಪು ಉಡುಪಿನಲ್ಲೇ. ಅವನು ಅಲ್ಲಿರುವುದನ್ನು ಕಂಡು ಸ್ವಲ್ಪ ದೂರದಲ್ಲೇ ನಿಂತಳು.

ನಾಳೆಯೇ ಗಾಡಿಯಲ್ಲಿ ಹುಲ್ಲು ತರುತ್ತೇನೆ, ಮಣ್ಣು ತುಳಿಯುತ್ತೇನೆ ಎಂದ ಕೊರ್ನೇಲಿಯುಸ್. ಈಗ ಇಟ್ಟಿಗೆ ಒಣಗುವುದಿಲ್ಲ ಎಂದಳು ಅವಳು. ಅದು ಅವನಿಗೂ ಗೊತ್ತಿತ್ತು. ಹಾಗಾದರೆ ಚಳಿಗಾಲ ಕಳೆಯುವವರೆಗೆ ನಮ್ಮ ಮುಂಗೋಣೆಗೆ ಬಾ, ಅಗಾತೆಗೆ ಹೇಳುತ್ತೇನೆ ಎಂದ.

"ಬೇಡ," ಎಂದಳು. "ನಿನ್ನ ಸೂರಿನ ಕೆಳಗೆ ನಂಗೆ ನಿದ್ದೆ ಬರಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ.

"ಮಾತಾಡ್ಬೇಡ," ಎಂದಳು ಜುಸ್ತೀನಾ. "ಮೇ ತಿಂಗಳು ಬರ್ಲಿ. ನೆಲ ಬೆಚ್ಚಗಾದ್ಮೇಲೆ ಬಾ, ಮಣ್ಣು ತುಳಿಯೋಕೆ. ಬೆಳಗ್ಗೆ ಬೇಗ ಬಾ. ಅಷ್ಟೆ."

ಅವಳು ಲಂಗದ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ದಿಬ್ಬ ಹತ್ತಿದಳು. ಗೂಟವನ್ನು ಅಲ್ಲಾಡಿಸಿ ಕಿತ್ತಳು. ಹಸುರು ಇನ್ನೂ ಉಳಿದಿದ್ದ ಕಡೆಗೆ ಆಡನ್ನು ಎಳೆದುಕೊಂಡು ಹೋಗಿ, ಅಲ್ಲಿ ಗೂಟ ಊರಿ, ಕಲ್ಲಿನಿಂದ ಹೊಡೆದು ಗಟ್ಟಿ ಮಾಡಿದಳು. ಆಡು ತಲೆ ಬಗ್ಗಿಸಿ ಮೇಯತೊಡಗಿತು.